ಬ್ರೆಡ್ ಟಿನ್ ಇಲ್ಲದ ಮನೆಯಲ್ಲಿ ಬಾಳೆಹಣ್ಣಿನ ಬ್ರೆಡ್

ಬಾಳೆಹಣ್ಣಿನ ಬ್ರೆಡ್ ಹೆಸರಿಗಷ್ಟೇ ಬ್ರೆಡ್. ಅದಕ್ಕೆ ಈಸ್ಟ್ ಇಲ್ಲ, ನಾದುವ ಕೆಲಸ ಇಲ್ಲ, ಉಬ್ಬಲಿ ಅಂತ ಬಟ್ಟೆ ಮುಚ್ಚಿ ಕಾಯುವುದೂ ಇಲ್ಲ. ಸೋಡಾ ಹಾಕಿ, ಸೌಟಲ್ಲಿ ಕಲಸಿ, ಸುರಿದು ಬೇಯಿಸುವುದು, ಅಷ್ಟೇ. 1930ರ ದಶಕದಲ್ಲಿ ಅಮೆರಿಕದಲ್ಲಿ ಇದು ಮನೆಮಾತಾಯಿತು. ಅಡುಗೆ ಸೋಡಾ, ಬೇಕಿಂಗ್ ಪೌಡರ್ ಎಲ್ಲರ ಮನೆಗೂ ಬಂದಿದ್ದ ಕಾಲ, ಜೊತೆಗೆ ದುಡ್ಡಿನ ಮುಗ್ಗಟ್ಟು. ಕಪ್ಪಾದ ಹಣ್ಣು ಎಸೆಯಲು ಯಾರಿಗೂ ಮನಸ್ಸಿಲ್ಲ. ಅವರ ಅಡುಗೆಮನೆಯಲ್ಲಿ ಬ್ರೆಡ್ ಟಿನ್ ಇದ್ದೇ ಇರುತ್ತಿತ್ತು, ಅದರಲ್ಲೇ ಮಾಡಿಕೊಂಡರು. ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಡಬ್ಬಿ ಇರುತ್ತದೆ. ನಾವು ಅದರಲ್ಲಿ ಮಾಡಿಕೊಳ್ಳೋಣ.

ಇದನ್ನು ಬರೆಯಲು ಕಾರಣ ನಮ್ಮ ಮೇಲ್ಮನೆಯಲ್ಲಿ ಬಾಡಿಗೆಗಿರುವ ಹುಡುಗಿ. ಬಾಳೆಹಣ್ಣು, ಮೈದಾ, ಒಂದು ಪುಟ್ಟ ಒಟಿಜಿ (ಕರೆಂಟಿನ ಓವನ್) ಎಲ್ಲಾ ಇಟ್ಟುಕೊಂಡು, "ಆಂಟಿ, ಟಿನ್ ಆರ್ಡರ್ ಮಾಡಿದೀನಿ, ಬಂದ್ಮೇಲೆ ಮಾಡ್ತೀನಿ" ಅಂದಳು. ಟಿನ್ ಬರುವಷ್ಟರಲ್ಲಿ ಹಣ್ಣು ಗೊಬ್ಬರವಾಗಿರುತ್ತದೆ ಅಂತ ನಾನು ಅವಳನ್ನು ಕೆಳಗೆ ಕರೆದು, ನಮ್ಮ ಪಾತ್ರೆ ಸ್ಟ್ಯಾಂಡ್ ಮುಂದೆ ನಿಲ್ಲಿಸಿ, ಸ್ಕೇಲ್ ಕೊಟ್ಟೆ. ನಾನು ಶಿವಮೊಗ್ಗದಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಪಾಠ ಮಾಡುವವಳು. ಪಾತ್ರೆ ಕಂಡರೆ ಅಳೆಯುವುದು ನನ್ನ ಚಾಳಿ.

ಲೆಕ್ಕ ಹೀಗಿದೆ. ಮಾಮೂಲಿ ಬ್ರೆಡ್ ಟಿನ್ 8.5 ಇಂಚು ಉದ್ದ, 4.5 ಇಂಚು ಅಗಲ. ಅಂಚಿನವರೆಗೆ ನೀರು ಹಾಕಿದರೆ ಸುಮಾರು 1.4 ಲೀಟರ್ ಹಿಡಿಯುತ್ತದೆ. ನನ್ನ ಅಳತೆಯಲ್ಲಿ ಕಲಸಿದ ಹಿಟ್ಟು ಹೆಚ್ಚುಕಡಿಮೆ 800 ಮಿಲಿ ಆಗುತ್ತದೆ. ಟಿನ್ನಿನಲ್ಲಿ ಅದು ಮೂರೂವರೆ ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ನಮಗೆ ಬೇಕಾದ ಸಂಖ್ಯೆ ಇದೊಂದೇ. ಪಾತ್ರೆ ಉದ್ದ ಇದೆಯೋ ದುಂಡಗಿದೆಯೋ ಅನ್ನುವುದು ಆಮೇಲಿನ ಮಾತು. ಹಿಟ್ಟು ಎಷ್ಟು ಎತ್ತರ ನಿಲ್ಲುತ್ತದೆ ಅನ್ನುವುದರ ಮೇಲೆ ಬೇಯುವ ಹೊತ್ತು, ಉರಿ ಎಲ್ಲಾ ನಿಂತಿದೆ.

ಈಗ ಅದೇ 800 ಮಿಲಿಯನ್ನು 16 ಸೆಂ.ಮೀ. ಅಗಲದ ಕುಕ್ಕರ್ ಡಬ್ಬಿಗೆ ಹಾಕಿ. 4 ಸೆಂ.ಮೀ. ಎತ್ತರ ಬರುತ್ತದೆ. ಟಿನ್ನಿಗೆ ಬಹಳ ಹತ್ತಿರ. 20 ಸೆಂ.ಮೀ. ಅಗಲದ ಪಾತ್ರೆಗೆ ಹಾಕಿದರೆ ಎರಡೂವರೆ ಸೆಂ.ಮೀ., ಬೇಗ ಬೇಯುತ್ತದೆ. 12 ಸೆಂ.ಮೀ.ನ ಟಿಫನ್ ಡಬ್ಬಿಗೆ ಅಷ್ಟನ್ನೂ ಸುರಿದರೆ 7 ಸೆಂ.ಮೀ. ಆಗಿಬಿಡುತ್ತದೆ. ಹೊರಗೆ ಕರಿ, ಒಳಗೆ ಅಂಟು. ಅದಕ್ಕೆ ಅರ್ಧ ಹಾಕಿ, ಇನ್ನರ್ಧ ಇನ್ನೊಂದು ಡಬ್ಬಿಗೆ.

ದುಂಡು ಪಾತ್ರೆಯಲ್ಲಿ ಒಂದು ತಕರಾರಿದೆ. ಟಿನ್ನಿನ ನಡುಭಾಗ ಪಕ್ಕದ ಗೋಡೆಯಿಂದ ಐದೂವರೆ ಸೆಂ.ಮೀ. ದೂರ. 16 ಸೆಂ.ಮೀ. ಡಬ್ಬಿಯಲ್ಲಿ ಅದು 8 ಸೆಂ.ಮೀ. ಕಾವು ಅಷ್ಟು ದೂರ ನಡೆದು ಹೋಗಬೇಕು. ಹಾಗಾಗಿ ಎತ್ತರ ಒಂದೇ ಇದ್ದರೂ ದುಂಡಗಿನದರಲ್ಲಿ ನಡು ಸ್ವಲ್ಪ ನಿಧಾನ. ಇದಕ್ಕೆ ನನ್ನ ಉಪಾಯ ಸ್ಟೀಲ್ ಲೋಟ. ಹೊರಗಡೆ ಎಣ್ಣೆ ಸವರಿದ ಸಣ್ಣ ಲೋಟವನ್ನು ಡಬ್ಬಿಯ ನಟ್ಟನಡುವೆ ನಿಲ್ಲಿಸಿ, ತೇಲದ ಹಾಗೆ ಅದರೊಳಗೆ ಒಂದು ಹಿಡಿ ಕಲ್ಲುಪ್ಪು ತುಂಬಿ, ಸುತ್ತ ಹಿಟ್ಟು ಸುರಿಯಿರಿ. ನಡುವೆ ತೂತಿರುವ ಕೇಕ್ ಬರುತ್ತದೆ. ಎಲ್ಲಾ ಕಡೆ ಒಂದೇ ಸಮ ಬೇಯುತ್ತದೆ. ಲೋಟದ ಜಾಗ ಹೋಗುವುದರಿಂದ ಹಿಟ್ಟು ಸ್ವಲ್ಪ ಮೇಲೇರುತ್ತದೆ. ಅರ್ಧ ಡಬ್ಬಿ ದಾಟದಂತೆ ನೋಡಿಕೊಳ್ಳಿ.

ಲೋಹದ ವಿಷಯ. ಸ್ಟೀಲ್ ನೋಡಲು ಚೆಂದ, ಆದರೆ ಕಾವು ಹಂಚುವುದರಲ್ಲಿ ಸೋಮಾರಿ. ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ವೇಗದಲ್ಲಿ ಕಾವು ಸಾಗಿಸುತ್ತದೆ. ಮನೆಯಲ್ಲಿ ಹಳೇ ಹಿಂಡಾಲಿಯಂ ಪಾತ್ರೆ ಇದ್ದರೆ ಅದೇ ಒಳ್ಳೆಯದು, ಹಿಂಡಾಲಿಯಂ ಅಂದರೆ ಅಲ್ಯೂಮಿನಿಯಮ್ಮಿನ ಮಿಶ್ರಲೋಹವೇ. ದಪ್ಪ ಕಬ್ಬಿಣದ ಬಾಣಲೆಯೂ ಭೇಷಾಗಿ ನಡೆಯುತ್ತದೆ, ಅಂಚು ಗರಿಗರಿ ಬರುತ್ತದೆ. ಆದರೆ ಬಾಣಲೆಯ ತಳ ಇಳಿಜಾರಾಗಿದ್ದರೆ ನಡುವೆ ಹಿಟ್ಟು ದಪ್ಪ, ಅಂಚಲ್ಲಿ ತೆಳು. ಚಪ್ಪಟೆ ತಳದ್ದೇ ಆರಿಸಿ. ಗಾಜಿನ ಬಟ್ಟಲು ಓವನ್‌ಗೆ ಹೋಗುವಂಥದ್ದಾದರೆ ಸರಿ, ಅದು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಉಷ್ಣತೆ 15 ಡಿಗ್ರಿ ಕಡಿಮೆ ಮಾಡಿ. ಪ್ಲಾಸ್ಟಿಕ್ ಹಿಡಿ ಇರುವ ನಾನ್‌ಸ್ಟಿಕ್ ಯಾವುದೂ ಒಳಗೆ ಹೋಗಬಾರದು. ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯೂ ಬೇಡ. ಕಲಾಯಿ ಅಂದರೆ ತವರ, ಅದು 232 ಡಿಗ್ರಿಗೆ ಕರಗುತ್ತದೆ. ನಾವು ಇಡುವುದು 175 ಡಿಗ್ರಿ ಆದರೂ ಒಟಿಜಿಯ ಕೆಂಪು ಕಾಯಿಲ್ ಹತ್ತಿರ ಪಾತ್ರೆ ಎಷ್ಟು ಕಾಯುತ್ತದೆ ಅಂತ ಯಾರು ಕಂಡರು? ಅಜ್ಜಿ ಕಾಲದ ಪಾತ್ರೆಯಲ್ಲಿ ಈ ಪ್ರಯೋಗ ಯಾಕೆ ಬೇಕು.

ಹಣ್ಣಿಗೆ ಬರೋಣ. ಇಂಗ್ಲಿಷ್ ರೆಸಿಪಿಗಳು "3 ಬಾಳೆಹಣ್ಣು" ಅನ್ನುತ್ತವೆ. ಅವರ ಲೆಕ್ಕ ನಮ್ಮ ಪಚ್ಚಬಾಳೆಯ ಜಾತಿಯದ್ದು. ಇಲ್ಲಿ ನಮಗೆ ಸಿಗುವುದು ಪುಟ್ಟಬಾಳೆ, ಅಂದರೆ ಬೆಂಗಳೂರು ಕಡೆಯವರ ಏಲಕ್ಕಿ ಬಾಳೆ. ಅದರಲ್ಲಿ 3 ಹಾಕಿದರೆ ಬಾಳೆಹಣ್ಣಿನ ವಾಸನೆಯೂ ಬರುವುದಿಲ್ಲ. ಸಿಪ್ಪೆ ತೆಗೆದು 300 ಗ್ರಾಂ ತೂಗಬೇಕು. ತಕ್ಕಡಿ ಇಲ್ಲದಿದ್ದರೆ ಕಿವುಚಿದ ಮೇಲೆ ಒಂದೂಕಾಲು ಕಪ್. ಪುಟ್ಟಬಾಳೆಯಾದರೆ ಏಳೋ ಎಂಟೋ ಬೇಕಾಗುತ್ತದೆ, ಹಣ್ಣಿನ ಗಾತ್ರ ನೋಡಿಕೊಳ್ಳಿ. ಪಚ್ಚಬಾಳೆಯ ಸಿಪ್ಪೆ ಕಪ್ಪಾದಷ್ಟೂ ಒಳ್ಳೆಯದು, ಪಿಷ್ಟವೆಲ್ಲ ಸಕ್ಕರೆ ಆಗಿರುತ್ತದೆ. ಪುಟ್ಟಬಾಳೆ ಅಷ್ಟು ಕಪ್ಪಾಗುವವರೆಗೆ ಕಾಯುವುದಿಲ್ಲ. ಚಿಪ್ಪು ಎತ್ತಿದರೆ ಹಣ್ಣು ತಾನೇ ಉದುರಿ ಬೀಳುತ್ತದಲ್ಲ, ಅದೇ ಹದ. ನಂಜನಗೂಡಿನ ರಸಬಾಳೆ ಯಾರಾದರೂ ತಂದುಕೊಟ್ಟರೆ ದಯವಿಟ್ಟು ಹಾಗೇ ತಿನ್ನಿ. ಊರಿನ ಹೆಸರಿಗೇ ಮೀಸಲಾದ ಜಿಐ ಗುರುತು ಪಡೆದ, ಅಪರೂಪಕ್ಕೆ ಕೈಗೆ ಸಿಗುವ ಹಣ್ಣನ್ನು ಸೋಡಾ ಹಾಕಿ ಬೇಯಿಸುವುದು ನನಗಂತೂ ಆಗದ ಕೆಲಸ. ನೇಂದ್ರ ಬೇಡ, ಅದು ಗಟ್ಟಿ, ಎಷ್ಟು ಕಿವುಚಿದರೂ ನಾರು ನಾರು.

ನಮ್ಮ ಮನೆಗೆ ಹಣ್ಣು ಬರುವುದು ಹೆಚ್ಚಾಗಿ ತಾಂಬೂಲದಲ್ಲಿ. ಮದುವೆ, ಗೃಹಪ್ರವೇಶ, ಅರಿಶಿನ ಕುಂಕುಮ ಅಂತ ಹೋದಲ್ಲೆಲ್ಲ ಎರಡೆರಡು ಕೊಡುತ್ತಾರೆ. ವೈಶಾಖ ಮಾಸದಲ್ಲಿ ಫ್ರಿಜ್ ಮೇಲಿನ ಬುಟ್ಟಿಯಲ್ಲಿ ನಾಲ್ಕು ಮನೆಯ ನಾಲ್ಕು ಹದದ ಹಣ್ಣು. ಒಂದು ಇನ್ನೂ ಕಾಯಿ, ಇನ್ನೊಂದರ ಸುತ್ತ ನೊಣ. ಸೇರಿಸಿ ಕಿವುಚಿದರೆ ಎಲ್ಲಾ ಸರಿಹೋಗುತ್ತದೆ, ಕಾಯಿ ಒಂದನ್ನು ಬಿಟ್ಟು.

ಅಳತೆ ಹೇಳಿಬಿಡುತ್ತೇನೆ. 300 ಗ್ರಾಂ ಹಣ್ಣನ್ನು ಕೈಯಲ್ಲೇ ಕಿವುಚಿ. ಮಿಕ್ಸಿಗೆ ಹಾಕಬೇಡಿ, ಅಂಟಂಟಾಗುತ್ತದೆ. ಸಣ್ಣ ಸಣ್ಣ ಗಂಟು ಉಳಿದರೆ ಬೆಂದಾಗ ಅಲ್ಲಲ್ಲಿ ಜಾಮಿನ ಹಾಗೆ ಸಿಗುತ್ತದೆ. ಅದಕ್ಕೆ 120 ಗ್ರಾಂ ಬೆಲ್ಲದ ಪುಡಿ, ಅರ್ಧ ಕಪ್ ಗಟ್ಟಿ ಮೊಸರು, 75 ಗ್ರಾಂ ಕರಗಿಸಿದ ಬೆಣ್ಣೆ ಅಥವಾ ವಾಸನೆ ಇಲ್ಲದ ಎಣ್ಣೆ. ಮೊಟ್ಟೆ ತಿನ್ನುವವರು ಮೊಸರಿನ ಬದಲು ಎರಡು ಮೊಟ್ಟೆ ಒಡೆದು ಹಾಕಿ. ಇನ್ನೊಂದು ಪಾತ್ರೆಯಲ್ಲಿ 190 ಗ್ರಾಂ ಹಿಟ್ಟು, ನಾನು ಅರ್ಧ ಮೈದಾ ಅರ್ಧ ಗೋಧಿ ಹಾಕುತ್ತೇನೆ. ಒಂದು ಟೀ ಚಮಚ ಅಡುಗೆ ಸೋಡಾ ತಲೆ ತಟ್ಟಿ, ಚಿಟಿಕೆ ಉಪ್ಪು, ಎರಡು ಏಲಕ್ಕಿ ಪುಡಿ. ದಾಲ್ಚಿನ್ನಿ ನನಗೆ ಸೇರುವುದಿಲ್ಲ. ಎರಡನ್ನೂ ಸೇರಿಸಿ, ಒಣ ಹಿಟ್ಟು ಕಾಣದಾಗುವವರೆಗೆ ಮಾತ್ರ ಸೌಟಾಡಿಸಿ. ದೋಸೆ ಹಿಟ್ಟಿನ ಅಭ್ಯಾಸದಲ್ಲಿ ತಿರುವುತ್ತಾ ಹೋದರೆ ರಬ್ಬರ್ ಆಗುತ್ತದೆ. ಗೋಧಿಯ ಜಿಗುಟು ಎದ್ದುಬಿಡುತ್ತದೆ.

ಸೋಡಾ ಮೊಸರು, ಬೆಲ್ಲದ ಹುಳಿ ಸಿಕ್ಕ ತಕ್ಷಣ ಕೆಲಸ ಶುರು ಮಾಡುತ್ತದೆ. ಕಲಸಿದ ಮೇಲೆ ಫೋನ್ ಹಿಡಿದು ಕೂರುವಂತಿಲ್ಲ. ಓವನ್ ಕಾದಿರಬೇಕು, ಡಬ್ಬಿಗೆ ಎಣ್ಣೆ ಸವರಿರಬೇಕು. ಎರಡು ಸರದಿಯಲ್ಲಿ ಬೇಯಿಸುವುದಾದರೆ ಅರ್ಧ ಚಮಚ ಸೋಡಾ, ಒಂದು ಚಮಚ ಬೇಕಿಂಗ್ ಪೌಡರ್ ಹಾಕಿ. ಬೇಕಿಂಗ್ ಪೌಡರ್ ಬಿಸಿ ತಾಗಿದಾಗ ಇನ್ನೊಮ್ಮೆ ಉಬ್ಬಿಸುತ್ತದೆ, ಎರಡನೇ ಸರದಿಯದ್ದು ಚಪ್ಪಟೆಯಾಗುವುದಿಲ್ಲ.

ಬಟರ್ ಪೇಪರ್ ಇಲ್ಲ ಅಂತ ಇನ್ನೊಂದು ಆರ್ಡರ್ ಮಾಡಬೇಡಿ. ಬಾಳೆ ಎಲೆ ಇದೆಯಲ್ಲ. ಎಲೆಯನ್ನು ಗ್ಯಾಸಿನ ಉರಿ ಮೇಲೆ ಆಚೆ ಈಚೆ ಆಡಿಸಿ. ಒಂದು ಕ್ಷಣದಲ್ಲಿ ಎಲೆಯ ಹಸಿರು ಗಾಢವಾಗುತ್ತದೆ, ಮೇಣದ ಹೊಳಪು ಬರುತ್ತದೆ, ಬಿರುಸು ಹೋಗಿ ಬಟ್ಟೆಯಂತೆ ಬಗ್ಗುತ್ತದೆ. ಆಗ ಡಬ್ಬಿಯ ತಳಕ್ಕೆ ದುಂಡಗೆ ಒಂದು, ಸುತ್ತ ಪಟ್ಟಿಯಾಗಿ ಒಂದು ಕತ್ತರಿಸಿ ಹಾಸಿ. ಹೊಳೆಯುವ ಮೈ ಹಿಟ್ಟಿನ ಕಡೆ ಇರಲಿ, ತುಪ್ಪ ಸವರಿ. ದಪ್ಪ ದಿಂಡು ಬೇಡ, ಅದು ಇದ್ದ ಕಡೆ ಗೋಡೆ ಗುಳಿ ಬೀಳುತ್ತದೆ. ಡಬ್ಬಿಯಿಂದ ಮೇಲೆ ಇಣುಕಿದ ಎಲೆ ಸೀದುಹೋಗುತ್ತದೆ, ಅಷ್ಟನ್ನು ಕತ್ತರಿಸಿಬಿಡಿ. ಬ್ರೆಡ್ ಆರಿದ ಮೇಲೆ ಎಲೆ ಸುಲಿದರೆ ಎಲೆಯ ಗೆರೆಗಳೆಲ್ಲ ಬ್ರೆಡ್ ಮೈಮೇಲೆ ಅಚ್ಚಾಗಿರುತ್ತವೆ. ಪರಿಮಳವೋ, ಊಟದೆಲೆಗೆ ಬಿಸಿ ಅನ್ನ ಬಡಿಸಿದಾಗ ಬರುತ್ತದಲ್ಲ, ಅದೇ.

ಒಟಿಜಿ ಇದ್ದವರಿಗೆ ಹೊತ್ತಿನ ಲೆಕ್ಕ. 175 ಡಿಗ್ರಿ, ಮೇಲೆ ಕೆಳಗೆ ಎರಡೂ ಕಾಯಿಲ್. 20 ಸೆಂ.ಮೀ. ಪಾತ್ರೆಗೆ 35ರಿಂದ 40 ನಿಮಿಷ. 16 ಸೆಂ.ಮೀ. ಡಬ್ಬಿಗೆ 50ರಿಂದ 55. ಅರ್ಧ ಹಿಟ್ಟಿನ ಟಿಫನ್ ಡಬ್ಬಿಗೆ 40ರ ಆಸುಪಾಸು. ಚಿಕ್ಕ ಒಟಿಜಿಯಲ್ಲಿ ಮೇಲಿನ ಕಾಯಿಲ್ ಹತ್ತಿರವಿರುವುದರಿಂದ ನೆತ್ತಿ ಬೇಗ ಕಪ್ಪಾಗುತ್ತದೆ. ಅರ್ಧ ಹೊತ್ತು ಕಳೆದ ಮೇಲೆ ಒಂದು ಫಾಯಿಲ್ ತುಂಡು ಸಡಿಲವಾಗಿ ಮುಚ್ಚಿ. ನಮ್ಮೂರಲ್ಲಿ ಮಳೆಗಾಲದಲ್ಲಿ ಕರೆಂಟ್ ಹೇಳದೆ ಹೋಗುತ್ತದೆ. ಹೋದರೆ ಬಾಗಿಲು ತೆಗೆಯಬೇಡಿ, ಒಳಗಿನ ಕಾವಿನಲ್ಲೇ ಸ್ವಲ್ಪ ಹೊತ್ತು ಬೇಯುತ್ತಿರುತ್ತದೆ.

ಓವನ್ನೇ ಇಲ್ಲದವರಿಗೆ ಕುಕ್ಕರ್. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. 5 ಲೀಟರಿನ ಹೊರಮುಚ್ಚಳದ ಕುಕ್ಕರ್ ಆದರೆ ಡಬ್ಬಿ ಇಳಿಸಲು, ಎತ್ತಲು ಸಲೀಸು. ಮೊದಲು ಮುಚ್ಚಳದ ರಬ್ಬರ್ ತೆಗೆಯಿರಿ, ವಿಷಲ್ ತೆಗೆಯಿರಿ. ಇದರಲ್ಲಿ ರಾಜಿ ಇಲ್ಲ. ಒಳಗೆ ಹಬೆ ಕಟ್ಟಿಕೊಳ್ಳಬಾರದು, ಒಣ ಕಾವಿಗೆ ರಬ್ಬರ್ ಕೂಡ ಹಾಳಾಗುತ್ತದೆ. ನೀರು ಒಂದು ಹನಿಯೂ ಬೇಡ. ತಳಕ್ಕೆ ಒಂದು ಕಪ್ ಕಲ್ಲುಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್. ಸ್ಟ್ಯಾಂಡ್ ಇಲ್ಲದಿದ್ದರೆ ಸಣ್ಣ ತಟ್ಟೆ ಕವುಚಿ ಇಡಿ. ಡಬ್ಬಿ ನೇರ ಉಪ್ಪಿನ ಮೇಲೆ ಕೂತರೆ ತಳ ಹಿಡಿಯುತ್ತದೆ. ಡಬ್ಬಿಗೂ ಕುಕ್ಕರ್ ಗೋಡೆಗೂ ನಡುವೆ ಬೆರಳು ತೂರುವಷ್ಟು ಜಾಗ ಇರಲಿ, ಬಿಸಿ ಗಾಳಿ ಮೇಲೆ ಬರಬೇಕಲ್ಲ. ಮಧ್ಯಮ ಉರಿಯಲ್ಲಿ 10 ನಿಮಿಷ ಖಾಲಿ ಕಾಯಿಸಿ, ಇಕ್ಕಳದಲ್ಲಿ ಡಬ್ಬಿ ಇಳಿಸಿ, ಮುಚ್ಚಿ, ಸಣ್ಣ ಬರ್ನರಿಗೆ ವರ್ಗಾಯಿಸಿ, ಉರಿ ಸಣ್ಣ ಮಾಡಿ. 45ರಿಂದ 55 ನಿಮಿಷ. ಮೊದಲ ಅರ್ಧ ಗಂಟೆ ಮುಚ್ಚಳ ಎತ್ತಿ ನೋಡುವ ಚಪಲ ಬೇಡ, ನಡು ಕುಸಿಯುತ್ತದೆ.

ಕುಕ್ಕರ್ ಕಂಪನಿಯವರ ಪುಸ್ತಕದಲ್ಲಿ ನೀರಿಲ್ಲದೆ ಕಾಯಿಸಬೇಡಿ ಅಂತ ಬರೆದಿರುತ್ತದೆ. ಅದು ನಿಜವಾದ ಮಾತೇ. ಅಲ್ಯೂಮಿನಿಯಂ ತಳ ಸೊಟ್ಟಗಾಗಬಹುದು, ಬಣ್ಣ ಹೋಗುತ್ತದೆ. ಹಾಗಾಗಿ ದಿನಾ ಅನ್ನಕ್ಕಿಡುವ ಕುಕ್ಕರ್ ಇದಕ್ಕೆ ಬೇಡ. ಅಟ್ಟದ ಮೇಲೆ ಹಿಡಿ ಮುರಿದ ಹಳೇದೊಂದು ಇರುತ್ತದೆ ಅಲ್ವಾ, ಅದನ್ನು ಇಳಿಸಿ. ದಪ್ಪ ತಳದ ಪಾತ್ರೆಗೆ ಭಾರದ ತಟ್ಟೆ ಮುಚ್ಚಿದರೂ ಆದೀತು.

ಕುಕ್ಕರಿನ ಬ್ರೆಡ್ಡಿಗೆ ಒಂದು ಕೊರತೆ, ನೆತ್ತಿ ಬಿಳಿಚಿಕೊಂಡಿರುತ್ತದೆ. ಬೆಂಕಿ ಇರುವುದು ಕೆಳಗೆ ಮಾತ್ರ. ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕರಾವಳಿಯ ಕೊಂಕಣಿ ಮನೆಗಳಲ್ಲಿ ಸೌತೆಕಾಯಿ, ರವೆ, ಬೆಲ್ಲ, ಕಾಯಿತುರಿ ಕಲಸಿ ಮಾಡುವ ತವಸಳಿಗೆ ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಒಟಿಜಿಯ ಎರಡು ಕಾಯಿಲ್ ಮಾಡುವುದೂ ಇದನ್ನೇ. ಗ್ಯಾಸ್ ಒಲೆಯಲ್ಲಿ ಕೆಂಡ ಎಲ್ಲಿಂದ ತರುವುದು? ನಾನು ಬ್ರೆಡ್ ಬೋರಲು ಹಾಕಿ, ಕಂದು ಬಣ್ಣದ ತಳವನ್ನೇ ಮೇಲೆ ಮಾಡಿ ಬಡಿಸುತ್ತೇನೆ. ಕೇಳಿದವರಿಗೆ ಹೀಗೇ ಇರುವುದು ಅನ್ನುತ್ತೇನೆ.

ಪಡ್ಡಿನ ಕಾವಲಿಯಲ್ಲೂ ಇದೇ ಹಿಟ್ಟು ಹಾಕಬಹುದು. ಗುಳಿಗೆ ತುಪ್ಪ ಬಿಟ್ಟು, ಮುಕ್ಕಾಲು ತುಂಬಿ, ಮುಚ್ಚಿ, ಸಣ್ಣ ಉರಿಯಲ್ಲಿ 4–5 ನಿಮಿಷ, ಆಮೇಲೆ ಮಗುಚಿ. ಬೆಲ್ಲ ಇರುವುದರಿಂದ ಉರಿ ಜೋರಾದರೆ ಕ್ಷಣದಲ್ಲಿ ಸೀಯುತ್ತದೆ. ಕುಂದಾಪುರ ಕಡೆಯ ನಮ್ಮತ್ತೆ ಒಂದು ಬಾಯಿಗೆ ಹಾಕಿಕೊಂಡು, "ಇದು ಗುಳಿಯಪ್ಪ ಅಲ್ವೇನೇ? ಮೈದಾ ಹಾಕಿ ಯಾಕೆ ಕೆಡಿಸ್ತೀಯಾ?" ಅಂದರು. "ಅತ್ತೆ, ಇನ್ನೊಂದು ಹಾಕ್ಲಾ?" ಅಂದೆ. "ಎರಡು ಹಾಕು" ಅಂದರು.

ಇಡ್ಲಿ ಪಾತ್ರೆಯಲ್ಲಿ ಹಬೆಗಿಡಬಹುದಾ ಅಂತ ಮೇಲ್ಮನೆಯವಳು ಕೇಳಿದಳು. ಇಡಬಹುದು, ಬೇಯುತ್ತದೆ, ಆದರೆ ಅದು ಕಡುಬು. ಹಬೆ 100 ಡಿಗ್ರಿ ದಾಟುವುದಿಲ್ಲ, ಬ್ರೆಡ್ಡಿನ ಕಂದು ಸಿಪ್ಪೆ, ಆ ಕರಿದಂಥ ವಾಸನೆ ಬರಬೇಕಾದರೆ 140ರ ಮೇಲೆ ಹೋಗಬೇಕು. ಕಡುಬೇ ಬೇಕಿದ್ದರೆ ಅಕ್ಕಿ ತರಿ ಹಾಕಿ ಹಲಸಿನ ಎಲೆಯ ಕೊಟ್ಟೆಯಲ್ಲಿ ಮಾಡಿ, ಅದರ ಗತ್ತೇ ಬೇರೆ.

ಬೆಂದಿದೆಯಾ ನೋಡಲು ನಾನು ಬಳಸುವುದು ಹೊಸ ಹಿಡಿಸೂಡಿಯಿಂದ ಎಳೆದು ತೊಳೆದಿಟ್ಟ ಕಡ್ಡಿ. ಟೂತ್‌ಪಿಕ್ ಗಿಡ್ಡ, ತಳ ಮುಟ್ಟುವುದಿಲ್ಲ. ಕಡ್ಡಿಯನ್ನು ನಡುವೆ ತಳದವರೆಗೆ ಚುಚ್ಚಿ ತೆಗೆಯಿರಿ. ಒಂದೆರಡು ಒದ್ದೆ ಪುಡಿ ಅಂಟಿದ್ದರೆ ಪರವಾಗಿಲ್ಲ, ಹಸಿ ಹಿಟ್ಟು ಮೆತ್ತಿಕೊಂಡಿರಬಾರದು. ಬಾಳೆಹಣ್ಣಿನ ಗಂಟಿಗೆ ಚುಚ್ಚಿದರೆ ಕಡ್ಡಿ ಸುಳ್ಳು ಹೇಳುತ್ತದೆ, ಪಕ್ಕದಲ್ಲಿ ಇನ್ನೊಮ್ಮೆ ಚುಚ್ಚಿ. ಅಂಚು ಡಬ್ಬಿಯ ಗೋಡೆ ಬಿಟ್ಟಿರಬೇಕು, ನೆತ್ತಿ ಒತ್ತಿದರೆ ಮತ್ತೆ ಮೇಲೆ ಬರಬೇಕು. ಅಡುಗೆ ಥರ್ಮಾಮೀಟರ್ ಇರುವ ಪುಣ್ಯವಂತರು ನಡುವೆ 95 ಡಿಗ್ರಿ ಬಂದಾಗ ತೆಗೆಯಿರಿ.

ಡಬ್ಬಿಯಲ್ಲೇ 10 ನಿಮಿಷ ಬಿಡಿ, ಆಮೇಲೆ ಬೋರಲು ಹಾಕಿ ಜಾಲರಿ ಮೇಲೆ ಆರಿಸಿ. ಬಿಸಿಯಲ್ಲೇ ಕತ್ತರಿಸಿದರೆ ಚಾಕುವಿಗೆ ಮೆತ್ತಿಕೊಳ್ಳುತ್ತದೆ. ದುಂಡಗಿನದನ್ನು ಹುಟ್ಟುಹಬ್ಬದ ಕೇಕಿನಂತೆ ತ್ರಿಕೋನ ಮಾಡಬೇಡಿ. ನಡುವೆ ಒಮ್ಮೆ ಸೀಳಿ, ಪ್ರತಿ ಅರ್ಧವನ್ನು ಅಡ್ಡಕ್ಕೆ ಬೆರಳಗಲ ಹೋಳು ಮಾಡಿ. ಬ್ರೆಡ್ ಟಿನ್ನಿನ ಒಂದೇ ಹೆಚ್ಚುಗಾರಿಕೆ ಅಂದರೆ ಹೋಳೆಲ್ಲ ಒಂದೇ ಅಳತೆಗೆ ಬರುವುದು. ಇಲ್ಲಿ ಅಂಚಿನದ್ದು ಸಣ್ಣ, ನಡುವಿನದ್ದು ದೊಡ್ಡದು. ಮನೆಯಲ್ಲಿ ಸಣ್ಣದು ಕೇಳುವವರೂ ಇರುತ್ತಾರೆ.

ಹಾಸ್ಟೆಲಿನಲ್ಲಿರುವ ಮಗನಿಗೆ ಕಳಿಸುವುದಾದರೆ ಟಿಫನ್ ಡಬ್ಬಿಯದ್ದೇ ಅನುಕೂಲ. ಪೂರ್ತಿ ಆರಿದ ಮೇಲೆ ಎಲೆ ಸುಲಿದು, ತೊಳೆದು ಒರೆಸಿದ ಅದೇ ಡಬ್ಬಿಗೆ ವಾಪಸ್ ಇಳಿಸಿ ಮುಚ್ಚಳ ಹಾಕಿ. ಬಸ್ಸಿನಲ್ಲಿ ಎಷ್ಟು ಕುಲುಕಿದರೂ ಪುಡಿಯಾಗುವುದಿಲ್ಲ, ಅದರ ಅಚ್ಚಿನೊಳಗೇ ಅದು ಕೂತಿರುತ್ತದೆ. ಬೆಚ್ಚಗಿರುವಾಗ ಮುಚ್ಚಿದರೆ ಮುಚ್ಚಳದಿಂದ ನೀರು ತೊಟ್ಟಿಕ್ಕಿ ಬೂಸಲು ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಹೊರಗೆ ಎರಡು ದಿನ ಅಂದರೆ ಎರಡೇ ದಿನ, ಆಮೇಲೆ ಫ್ರಿಜ್. ಫ್ರಿಜ್ಜಿನಲ್ಲಿ ಗಟ್ಟಿಯಾದ ಹೋಳನ್ನು ದೋಸೆ ಕಾವಲಿಯ ಮೇಲೆ ತುಪ್ಪ ಹಾಕಿ ಎರಡೂ ಕಡೆ ಕೆಂಪಗೆ ಕಾಯಿಸಿ. ನನಗೆ ಹೊಸದಾಗಿ ಬೆಂದದ್ದಕ್ಕಿಂತ ಇದೇ ಇಷ್ಟ, ಸಂಜೆ ಕಾಫಿಗೆ. ಮೇಲ್ಮನೆಯವಳ ಟಿನ್ ಕೊನೆಗೂ ಬಂತು. ಅವಳ ಒಟಿಜಿಯೊಳಗೆ ಹಿಡಿಸುತ್ತಿಲ್ಲ.